ರಾಜಾ-ಕುಳ್ಳ ಹೋಗಿಬಂದ ಸಿಂಗಾಪುರದಲ್ಲಿ ನನ್ನ ನಾಲ್ಕು ದಿನದ ‘ಔಟ್‌ಡೋರ್’!

ಕನ್ನಡ ಚಿತ್ರರಸಿಕನಿಗೆ ಸಿಂಗಾಪುರದ ವಿಳಾಸ ಹೇಳಿಕೊಟ್ಟವರು ಯಾರು? ಭೂಗೋಳದ ಮೇಷ್ಟ್ರಂತೂ ಅಲ್ಲ! ಸಾಹಸಸಿಂಹ ವಿಷ್ಣುವರ್ಧನ್ ಮತ್ತು ಕರ್ನಾಟಕದ ಕುಳ್ಳ ದ್ವಾರಕೀಶ್! 1978ರಲ್ಲಿ ತೆರೆಕಂಡ ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’ ಪರದೇಶದಲ್ಲಿ ಚಿತ್ರೀಕರಣವಾದ ಮೊಟ್ಟಮೊದಲ ಕನ್ನಡ ಚಿತ್ರ. ಸಿ.ವಿ. ರಾಜೇಂದ್ರನ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ, ಜೊತೆಗೆ ಮಂಜುಳಾ. ಅದೇ ವರ್ಷ ರಜನಿಕಾಂತ್, ಶ್ರೀದೇವಿ ಜೊತೆ ನಮ್ಮ ಅಂಬರೀಶ್ ಕೂಡ ‘ಪ್ರಿಯಾ’ ಚಿತ್ರಕ್ಕಾಗಿ ಸಿಂಗಾಪುರ ಸುತ್ತಿಬಂದರು.

ಅಲ್ಲಿಂದ ಇಲ್ಲಿಯವರೆಗೆ ನಮ್ಮ ಹುಡುಗರ ತಲೆಯಲ್ಲಿ ಸಿಂಗಾಪುರ ಅಂದರೆ ಮುಗಿಲೆತ್ತರದ ಕಟ್ಟಡ, ಫಳಫಳ ಹೊಳೆಯುವ ಕಾರು, ಸೆಂಟಿನ ಅಂಗಡಿ. ಹೋಗಿಬಂದವರನ್ನು ‘ಏನ್ ನೋಡ್ದೆ ಗುರೂ?’ ಅಂತ ಕೇಳಿ. ‘ಶಾಪಿಂಗ್ ಮಾಡ್ದೆ’ ಅಂತಾರೆ! ಚೀಟಿ ಎತ್ತಿದ ದುಡ್ಡಲ್ಲಿ ಸಮುದ್ರ ದಾಟಿ ಹೋಗಿ ಅಂಗಡಿ ನೋಡಿಕೊಂಡು ಬರೋದಾ, ಮಾರಾಯ್ರೇ?

ನಾನು ನಾಲ್ಕು ದಿನ ಬೇರೆಯದೇ ಸಿಂಗಾಪುರ ಸುತ್ತಿದೆ. ಬಿಸಿಲು, ಮಳೆ, ಕಾಡು, ಕಡಲು. ಹೆಚ್ಚಿನ ಕಡೆ ಟಿಕೆಟ್ಟೇ ಇಲ್ಲ! ಆ ಕಥೆ ಕೇಳಿ.

ಸೆಟ್ ಬದಲಾಗಿದೆ!

ಮೊದಲೇ ಒಂದು ಎಚ್ಚರಿಕೆ. ರಾಜಾ-ಕುಳ್ಳರ ಕಾಲದ ಊರನ್ನು ಹುಡುಕುತ್ತಾ ಹೋದರೆ ಅರ್ಧ ಸಿಗೋದಿಲ್ಲ. ಸಿಂಹದ ತಲೆ, ಮೀನಿನ ಮೈಯ ‘ಮೆರ್‌ಲಯನ್’ ಶಿಲ್ಪವನ್ನು 1972ರಲ್ಲಿ ನದಿಯ ಬಾಯಲ್ಲಿ ನಿಲ್ಲಿಸಿದ್ದರು. 1997ರಲ್ಲಿ ಸೇತುವೆ ಬಂದು ಅದಕ್ಕೆ ಅಡ್ಡವಾಯ್ತು. 2002ರಲ್ಲಿ ಸುಮಾರು 70 ಟನ್ ತೂಕದ ಸಿಂಹವನ್ನೇ ಎತ್ತಿ 120 ಮೀಟರ್ ಆಚೆ ಇಟ್ಟರು! 1971ರಲ್ಲಿ ತೆರೆದ ಜುರಾಂಗ್ ಪಕ್ಷಿಧಾಮ 2023ರ ಜನವರಿಯಲ್ಲಿ ಬಾಗಿಲು ಹಾಕಿತು. ಹಕ್ಕಿಗಳೆಲ್ಲ ಈಗ ಮಂಡಾಯಿಯ ಹೊಸ ‘ಬರ್ಡ್ ಪ್ಯಾರಡೈಸ್’ನಲ್ಲಿವೆ.

ನೆಲವೇ ಬದಲಾಗುತ್ತದೆ ಸ್ವಾಮೀ ಅಲ್ಲಿ! 1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರ್ ಇದ್ದ ದೇಶ, ಸಮುದ್ರಕ್ಕೆ ಮಣ್ಣು ಸುರಿದು ಸುರಿದು ಈಗ 730 ದಾಟಿದೆ. ಹೆಚ್ಚೂಕಡಿಮೆ ನಮ್ಮ ಬೆಂಗಳೂರಿನಷ್ಟು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಸೆಂಟೋಸ: ಹೆಸರು ಬದಲಿಸಿಕೊಂಡ ದ್ವೀಪ

ಮೊದಲ ದಿನ ಸೆಂಟೋಸ. ಇದರ ಹಳೆಯ ಹೆಸರು ‘ಬ್ಲಾಕಾಂಗ್ ಮಾತಿ’. ಮಲಯ ಭಾಷೆಯಲ್ಲಿ ‘ಮಾತಿ’ ಅಂದರೆ ಸಾವು! 1972ರಲ್ಲಿ ಶಾಂತಿ ಎಂಬರ್ಥದ ‘ಸೆಂಟೋಸ’ ಅಂತ ನಾಮಕರಣ ಮಾಡಿದರು. 1974ರಿಂದ ಮೌಂಟ್ ಫೇಬರ್ ಗುಡ್ಡದಿಂದ ಇಲ್ಲಿಗೆ ಕೇಬಲ್ ಕಾರ್ ಇದೆ. ಅದಕ್ಕೆ ಕೈತುಂಬ ದುಡ್ಡು ಬೇಕು. ನಾನು ಬಂದರಿನ ಕಡೆಯ ಮರದ ಹಾದಿಯಲ್ಲಿ ನಡೆದೇ ಹೋದೆ. ಕಾಸು ಖರ್ಚಿಲ್ಲ, ಕೆಳಗೆ ಕಡಲು, ತಲೆ ಮೇಲೆ ತೇಲುವ ಕೇಬಲ್ ಕಾರು. ದ್ವೀಪದೊಳಗೆ ಬಸ್ಸೂ ಪುಕ್ಕಟೆ!

ಸಿಲೋಸೋ, ಪಲವಾನ್, ತಾಂಜೊಂಗ್ ಅಂತ ಮೂರು ಕಡಲತೀರಗಳಿವೆ. ಮೊದಲನೆಯದರಲ್ಲಿ ಹುಡುಗರ ವಾಲಿಬಾಲ್ ಗಲಾಟೆ, ಕೊನೆಯದರಲ್ಲಿ ನಿಶ್ಶಬ್ದ. ಸ್ಟಂಟ್ ಮಾಸ್ಟರ್ ಆಗುವ ಆಸೆಯವರಿಗೆ ‘ಲೂಜ್’ ಇದೆ. ಇಂಜಿನ್ ಇಲ್ಲದ ಪುಟ್ಟ ಗಾಡಿ, ಇಳಿಜಾರಿನಲ್ಲಿ ಹ್ಯಾಂಡಲ್ ಹಿಡಿದು ಜಾರುವುದು. ಇದಕ್ಕೆ ಟಿಕೆಟ್ ಉಂಟು. ತಿರುವಿನಲ್ಲಿ ನನ್ನ ಬಾಯಿಂದ ಬಂದ ಕೂಗು ಯಾವ ಫೈಟ್ ಸೀನಿಗೂ ಕಡಿಮೆ ಇರಲಿಲ್ಲ!

ತುದಿಯಲ್ಲಿ ಸಿಲೋಸೋ ಕೋಟೆ. ಬ್ರಿಟಿಷರು ಹಡಗುಗಳನ್ನು ತಡೆಯಲು ಫಿರಂಗಿ ಇಟ್ಟ ಜಾಗ. ಜಪಾನೀಯರು ಬಂದದ್ದು ಉತ್ತರದಿಂದ, ಮಲಯದ ನೆಲದ ಮೇಲೆ ನಡೆದು. 1942ರ ಫೆಬ್ರವರಿ 15ರಂದು ಬ್ರಿಟಿಷ್ ಸೈನ್ಯ ಶರಣಾಯಿತು. ಫಿರಂಗಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವಾಗ ಅಷ್ಟು ನೆನಪಿರಲಿ.

ಮರದ ನೆತ್ತಿಯ ಮೇಲೆ

ಎರಡನೇ ದಿನ ಮ್ಯಾಕ್‌ರಿಚಿ ಕೆರೆಯ ಕಾಡು. ಊರ ನಡುವೆ ಕಾಡು! ಮೂರು-ನಾಲ್ಕು ಕಿಲೋಮೀಟರ್ ನಡೆದರೆ ತೂಗುಸೇತುವೆ. 250 ಮೀಟರ್ ಉದ್ದ, ನೆಲದಿಂದ 25 ಮೀಟರ್ ಎತ್ತರ, 2004ರಲ್ಲಿ ತೆರೆದದ್ದು. ಇದಕ್ಕೂ ಟಿಕೆಟ್ ಇಲ್ಲ. ಒಮ್ಮುಖ ದಾರಿ. ಹೆದರಿಕೆಯಾಯ್ತು ಅಂತ ಹಿಂದಿರುಗುವ ಹಾಗಿಲ್ಲ! ಕಾಲ ಕೆಳಗೆ ಮರದ ತಲೆಗಳು, ಆಚೆ ನೀರು, ಒಂದೂ ಕಟ್ಟಡ ಅಡ್ಡವಿಲ್ಲ. ಕೆಲವು ದಿನ ಸೇತುವೆ ಮುಚ್ಚಿರುತ್ತದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಉದ್ದಬಾಲದ ಕೋತಿಗಳಿಗೆ ಬಾಳೆಹಣ್ಣು ಕೊಡೋ ಚಟ ಇದ್ದರೆ ಬಿಟ್ಟುಬಿಡಿ. ಅಲ್ಲಿ ಅದಕ್ಕೆ ದಂಡ!

ಮೂರನೇ ದಿನ ಬೆಳಿಗ್ಗೆ ಹೆಂಡರ್‌ಸನ್ ವೇವ್ಸ್. ರಸ್ತೆಯಿಂದ 36 ಮೀಟರ್ ಮೇಲೆ ಅಲೆಯಂತೆ ಬಳುಕುವ ಸೇತುವೆ, 2008ರದು. ಸಾಯಂಕಾಲ ಈಸ್ಟ್ ಕೋಸ್ಟ್ ಉದ್ಯಾನ. ಸಮುದ್ರದ ಪಕ್ಕ ಸುಮಾರು 15 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ತೋಪು. ಬಾಡಿಗೆ ಸೈಕಲ್ ತುಳಿಯುತ್ತಾ ಹೋದರೆ ದೂರದಲ್ಲಿ ಸಾಲಾಗಿ ಲಂಗರು ಹಾಕಿದ ಹಡಗುಗಳು. ಆ ಉದ್ಯಾನ ನಿಂತಿರುವ ನೆಲವೂ ಸಮುದ್ರ ತುಂಬಿಸಿ ಮಾಡಿದ್ದೇ!

ಒಂದೆರಡು ಗುಟ್ಟು. ಊರು ಭೂಮಧ್ಯರೇಖೆಗೆ ಸುಮಾರು 137 ಕಿಲೋಮೀಟರ್ ದೂರದಲ್ಲಷ್ಟೇ ಇದೆ. ಮಳೆಗೆ ಕಾಲ ಅಂತಿಲ್ಲ, ಮಧ್ಯಾಹ್ನ ಗುಡುಗು ಸಾಮಾನ್ಯ. ಹಾಗಾಗಿ ಬೆಳಿಗ್ಗೆ ಏಳಕ್ಕೇ ಹೊರಡಿ. ಊಟಕ್ಕೆ ‘ಹಾಕರ್ ಸೆಂಟರ್’ ಹುಡುಕಿ, ಜೇಬು ಉಳಿಯುತ್ತದೆ. ವೀಸಾ ಬೇಕೇಬೇಕು. ವೇಪ್ ಜೇಬಿನಲ್ಲಿದ್ದರೂ ಅಪರಾಧ!

ಕ್ಲೈಮ್ಯಾಕ್ಸ್: ಉಬಿನ್

ನಾಲ್ಕನೇ ದಿನ ಚಾಂಗಿ ಪಾಯಿಂಟ್ ದಕ್ಕೆಯಿಂದ ‘ಬಂಬೋಟ್’ ಎಂಬ ಮರದ ದೋಣಿ. 12 ಜನ ತುಂಬಿದರೆ ಹೊರಡುತ್ತದೆ. ನಾವು 11! ದೋಣಿಯವನು ಅಲ್ಲಾಡಲಿಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನ ಮ್ಯಾಕ್ಸಿಕ್ಯಾಬ್ ಡ್ರೈವರೇ ನೆನಪಾದ! ಹನ್ನೆರಡನೆಯವನಾಗಿ ಒಬ್ಬ ಅಜ್ಜ ಚೀಲ ಹಿಡಿದು ಬಂದ, ಮೋಟಾರು ಗುಡುಗಿತು. ನಾನು ಕೊಟ್ಟದ್ದು 4 ಡಾಲರ್. ಹತ್ತು-ಹದಿನೈದು ನಿಮಿಷದ ದಾರಿ.

ಪುಲಾವ್ ಉಬಿನ್ ಹಿಂದೆ ಕಲ್ಲುಕ್ವಾರಿಗಳ ದ್ವೀಪ. 1999ರಲ್ಲಿ ಕಲ್ಲು ಒಡೆಯುವುದು ನಿಂತಿತು. ಗುಂಡಿಗಳೆಲ್ಲ ಈಗ ಹಸಿರು ಕೊಳಗಳು. ತಗಡಿನ ಮನೆ, ಮಣ್ಣುದಾರಿ, ತೆಂಗು, ದಾರಿ ದಾಟುವ ಕಾಡುಹಂದಿ. ಇಡೀ ಊರು ಕಾಂಕ್ರೀಟ್ ಆಗುವ ಮುಂಚಿನ ಸಿಂಗಾಪುರ ಹೇಗಿತ್ತು ಅಂತ ನೋಡಬೇಕಾದರೆ ಇಲ್ಲಿಗೇ ಬರಬೇಕು.

ಸೈಕಲ್ ಬಾಡಿಗೆಗೆ ಹಿಡಿದು ಪೂರ್ವ ತುದಿಯ ಚೆಕ್ ಜಾವಾಕ್ಕೆ ಹೋದೆ. ಇಳಿತದ ಹೊತ್ತು. ನೀರು ಹಿಂದೆ ಸರಿದು ಮರಳುದಿಣ್ಣೆ ಬಯಲಾಗಿತ್ತು. ಮರದ ಹಾದಿಯ ಮೇಲಿಂದ ಬಗ್ಗಿದರೆ ಕಾಂಡ್ಲಾ ಬೇರುಗಳ ನಡುವೆ ಏಡಿಗಳು, ಕೆಸರಿನಲ್ಲಿ ಕುಪ್ಪಳಿಸುವ ಮೀನು! ಪಕ್ಕದಲ್ಲೇ ಸುಮಾರು 20 ಮೀಟರ್ ಎತ್ತರದ ಗೋಪುರ, ಕಾಡಿನ ನೆತ್ತಿ ನೋಡಲು.

ಈ ಜಾಗ ಇವತ್ತು ಇರಲೇಬಾರದಿತ್ತು. ಇದನ್ನೂ ಮಣ್ಣು ಸುರಿದು ತುಂಬಿಸಲು ತಯಾರಿ ನಡೆದಿತ್ತು. 2001ರಲ್ಲಿ ಸುದ್ದಿ ಹರಡಿದಾಗ ಸಾಮಾನ್ಯ ಜನ ಮಕ್ಕಳ ಕೈಹಿಡಿದು ‘ಕೊನೆಯ ಸಲ ನೋಡೋಣ’ ಅಂತ ಸಾಲುಸಾಲಾಗಿ ಬಂದರು. ಸ್ವಯಂಸೇವಕರು, ವಿಜ್ಞಾನಿಗಳು ಕೆಸರಿಗಿಳಿದು ಅಲ್ಲಿನ ಜೀವಿಗಳನ್ನು ದಾಖಲು ಮಾಡಿ ಸರ್ಕಾರದ ಮುಂದಿಟ್ಟರು. ಕಲ್ಲು ತೂರಲಿಲ್ಲ, ಬಸ್ಸು ಸುಡಲಿಲ್ಲ. 2002ರ ಜನವರಿಯಲ್ಲಿ ಸರ್ಕಾರ ಕೆಲಸ ಮುಂದೂಡಿತು. ನಾನು ನಡೆದ ಮರದ ಹಾದಿ 2007ರಲ್ಲಿ ಬಂತು.

ಮುಂದೂಡಿತು ಅಂದೆ, ರದ್ದು ಮಾಡಿತು ಅನ್ನಲಿಲ್ಲ. ಅಭಿವೃದ್ಧಿಗೆ ಜಾಗ ಬೇಕಾಗುವ ತನಕ ಮುಟ್ಟುವುದಿಲ್ಲ ಅನ್ನೋದೇ ಅಲ್ಲಿನ ಮಾತು. ನೆಲಕ್ಕಾಗಿ ಹಸಿದ ದೇಶದಲ್ಲಿ ಆ ಮಾತು ಎಷ್ಟು ವರ್ಷ ಬಾಳುತ್ತದೋ!

ಗೆಳೆಯರೇ, ವಿಷ್ಣು 2009ರಲ್ಲಿ ಹೋದರು, ದ್ವಾರಕೀಶ್ 2024ರಲ್ಲಿ. ಅವರು ಕಂಡ ಊರಿನ ಎಷ್ಟೋ ಭಾಗ ಈಗ ರೀಲಿನಲ್ಲಿ ಮಾತ್ರ ಇದೆ. ನೀವು ಪಾಸ್‌ಪೋರ್ಟ್ ಮಾಡಿಸುವ ಯೋಚನೆಯಲ್ಲಿದ್ದರೆ ಅಂಗಡಿಗಳಿಗೆ ಒಂದು ಸಂಜೆ ಸಾಕು. ಒಂದು ಇಡೀ ಹಗಲನ್ನು ಉಬಿನ್‌ಗೆ ಎತ್ತಿಡಿ, ಇಳಿತದ ವೇಳೆ ನೋಡಿಕೊಂಡು ಹೋಗಿ. ದೋಣಿಗೆ ಹನ್ನೆರಡನೆಯವರು ನೀವೇ ಆಗಬಹುದು!