ಡಬ್ಬಿಯ ಮೇಲೊಂದು ಚೀಟಿ

ಮನೆಯಲ್ಲೇ ಕೂತು ಮಣಿಸರ, ಟೆರಾಕೋಟ ಜುಮುಕಿ, ರೇಷ್ಮೆದಾರದ ಬಳೆ, ಬೆಳ್ಳಿ ತಂತಿಯ ಓಲೆ ಮಾಡಿ ಮಾರುವವರ ಬಳಿ ಲೆಕ್ಕ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಮಾರಾಟದ ಲೆಕ್ಕ. ಅದು ಹೇಗೂ ಫೋನಿನಲ್ಲಿ ತಾನಾಗಿಯೇ ಉಳಿಯುತ್ತದೆ. ಕಳೆದುಹೋಗುವುದು ಸಾಮಾನಿನ ಲೆಕ್ಕ. ಚಿಕ್ಕಪೇಟೆಯಿಂದ ತಂದ ಮಣಿಗೆ ತೂಕದ ದರ, ಕೊಕ್ಕೆಗೆ ಡಜನ್ನಿನ ದರ, ಬೆಳ್ಳಿಗೆ ಗ್ರಾಮಿನ ದರ. ಎಲ್ಲವೂ ಒಂದೇ ಓಲೆಯೊಳಗೆ ಸೇರಿದ ಮೇಲೆ ಬಿಡಿಸಿ ಹೇಳುವುದು ಕಷ್ಟ. ಈ ಲೆಕ್ಕವನ್ನು ರಾತ್ರಿ ಊಟವಾದ ಮೇಲೆ ಪುಸ್ತಕಕ್ಕೆ ಇಳಿಸುತ್ತೇನೆಂದು ಹೊರಟವರು ಹೆಚ್ಚು ದಿನ ಬಾಳಿಸುವುದಿಲ್ಲ. ಅದು ಇರಬೇಕಾದ ಜಾಗ ಕೆಲಸದ ಮೇಜು. ಪ್ರತಿ ಡಬ್ಬಿಯ ಮೇಲೆ ಕೊಂಡ ದಿನ, ಅಂಗಡಿ, ದರ, ತೂಕ ಬರೆದ ಚೀಟಿ ಅಂಟಿಸಿ, ಡಬ್ಬಿಗೊಂದು ನಂಬರು ಕೊಟ್ಟರೆ, ಒಡವೆ ಮುಗಿದ ಕೂಡಲೇ ಅದರ ಚೀಟಿಯಲ್ಲಿ ಡಬ್ಬಿಗಳ ನಂಬರು, ಬಳಸಿದ ಪ್ರಮಾಣ, ಹಿಡಿದ ಸಮಯ ಬರೆದಿಟ್ಟರೆ ಸಾಕು. ಮೇಜು ಜೋಡಿಸುವುದೂ ಲೆಕ್ಕ ಬರೆಯುವುದೂ ಆಗ ಬೇರೆ ಬೇರೆ ಕೆಲಸಗಳಾಗಿ ಉಳಿಯುವುದಿಲ್ಲ.

ಅಕ್ಕಸಾಲಿಗರು ಇದನ್ನು ಎಂದೋ ಅರಿತವರು. ಅರ ಉಜ್ಜಿದ ಪುಡಿ ಚೆಲ್ಲದಂತೆ ಕೂರುವ ಜಾಗವನ್ನು ಅಣಿಗೊಳಿಸಿ, ಗುಡಿಸಿದ ದೂಳನ್ನೂ ಕಾಪಿಟ್ಟು, ತೊಳೆದು ಚಿನ್ನ ತೆಗೆಯುವವರಿಗೆ ಮಾರುವುದು ಆ ವೃತ್ತಿಯ ಹಳೆಯ ರೂಢಿ. ಮಣಿಯ ಕೆಲಸದವರಿಗೆ ಇಷ್ಟು ಬಿಗಿ ಬೇಡವೆನ್ನಿಸಬಹುದು. ಆದರೆ 2025ರಲ್ಲಿ ಕಿಲೋ ಬೆಳ್ಳಿ ಲಕ್ಷ ರೂಪಾಯಿ ದಾಟಿ ಏರಿತು. ಗ್ರಾಮಿಗೆ 90 ರೂಪಾಯಿ ಇದ್ದಾಗ ಕೊಂಡ ತಂತಿ 8 ಗ್ರಾಂ ಹಿಡಿಯುವ ಒಂದು ಓಲೆಗೆ ಬಿದ್ದ ಖರ್ಚು 720 ರೂಪಾಯಿ. ದರ 130ಕ್ಕೆ ಹೋದರೆ ಅಂಥದೇ ಇನ್ನೊಂದಕ್ಕೆ 1,040 ಬೇಕು. ಚೀಟಿ ಇಲ್ಲದವರು ಹಳೆಯ ಬೆಲೆಗೇ ಮಾರಿ, ಕೈಗೆ ಬಂದ ದುಡ್ಡನ್ನು ಲಾಭವೆಂದುಕೊಳ್ಳುತ್ತಾರೆ.

ಕಾನೂನೇ ಕೇಳದ ಲೆಕ್ಕ ನಮಗೇಕೆ ಎಂಬ ಮಾತಿದೆ. ತಳ್ಳಿಹಾಕುವಂಥದಲ್ಲ. ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದಾಯ ತೆರಿಗೆಯಲ್ಲೂ ವಹಿವಾಟಿನ ಶೇಕಡಾ 8ನ್ನು, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಾದರೆ ಶೇಕಡಾ 6ನ್ನು ಲಾಭವೆಂದು ತೋರಿಸುವ ಸಣ್ಣ ವ್ಯಾಪಾರಿಗೆ ಪುಸ್ತಕ ಇಡುವ ಕಟ್ಟುಪಾಡಿಲ್ಲ. ಆದರೆ ಶೇಕಡಾ 8 ಸರ್ಕಾರದ ಅನುಕೂಲಕ್ಕೆ ಮಾಡಿಕೊಂಡ ಅಂದಾಜು. ಯಾವ ಜುಮುಕಿ ನಷ್ಟದ್ದೆಂದು ಅದು ಹೇಳದು. ಅಲ್ಲದೆ 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವಲ್ಲ ಎಂದು ಹಲವರು ವಾದಿಸಬೇಕಾಯಿತು. ಹಾಗೆ ವಾದಿಸಲು ಕಾಗದ ಬೇಕು. ವ್ಯಾಪಾರಕ್ಕೇ ಬೇರೆ ಖಾತೆಯಿದ್ದರೆ ಅರ್ಧ ತಲೆನೋವು ಮೊದಲೇ ತಪ್ಪುತ್ತದೆ.

ಹರಡಿದ ಮೇಜಿನ ಮೇಲೆಯೇ ಹೊಸ ವಿನ್ಯಾಸ ಹೊಳೆಯುತ್ತದೆ ಎನ್ನುವವರೂ ಇದ್ದಾರೆ. ಹೊಳೆಯಲಿ, ವಿನ್ಯಾಸ ಮಾಡುವಾಗ ಎಲ್ಲವನ್ನೂ ಹರಡಿಕೊಳ್ಳಲು ಅಡ್ಡಿಯೇನೂ ಇಲ್ಲ, ಎದ್ದೇಳುವಾಗ ಮಣಿ ಅದರದೇ ನಂಬರಿನ ಡಬ್ಬಿಗೆ ಮರಳಬೇಕು, ಅಷ್ಟೆ. ಬೆಳ್ಳಿಯನ್ನಂತೂ ಹೊರಗೆ ಬಿಡುವಂತಿಲ್ಲ. ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಅದು ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿಟ್ಟರೂ ಅದೇ ಪಾಡು. ಗಾಳಿಯಾಡದ ಸಣ್ಣ ಕವರಿನಲ್ಲಿ ಒಂದೊಂದೇ ಓಲೆಜೋಡಿ ಇಟ್ಟು, ಅದರ ಚೀಟಿಯನ್ನು ಕವರಿನ ಹೊರಗೆ ಅಂಟಿಸಿದರೆ, ಗಿರಾಕಿ ಬೆಲೆ ಇಳಿಸಿ ಎಂದಾಗ ಎಲ್ಲಿಯವರೆಗೆ ಇಳಿಯಬಹುದೆಂದು ಊಹಿಸುತ್ತ ನಿಲ್ಲಬೇಕಿಲ್ಲ.