ಹಗಲಿಗೊಂದು ಲೆಕ್ಕ, ರಾತ್ರಿಗೊಂದು ಲೆಕ್ಕ

ಒಂದು ನಗರದ ಜನಸಂಖ್ಯೆ ಎಷ್ಟು ಎಂದು ಕೇಳಿದರೆ ವಿದ್ಯಾರ್ಥಿಗಳು ಪಠ್ಯಪುಸ್ತಕದ ಅಂಕಿಯನ್ನು ಥಟ್ಟನೆ ಹೇಳುತ್ತಾರೆ. ಆದರೆ ಆ ಅಂಕಿ ಯಾವ ಹೊತ್ತಿನದು? ಜನಗಣತಿಯು ಮನುಷ್ಯನನ್ನು ಅವನು ವಾಸಿಸುವ ಮನೆಯ ಲೆಕ್ಕಕ್ಕೆ ಸೇರಿಸುತ್ತದೆ, ದುಡಿಯುವ ಊರಿನ ಲೆಕ್ಕಕ್ಕಲ್ಲ. ಭಾರತದ 2011ರ ಜನಗಣತಿಗೆ ಮಾರ್ಚ್ 1ರ 0 ಗಂಟೆ, ಅಂದರೆ ನಡುರಾತ್ರಿಯೇ ಆಧಾರ ಸಮಯವಾಗಿತ್ತು. ಮನೆಯಿಲ್ಲದವರನ್ನು ಎಣಿಸಿದ್ದೂ ಫೆಬ್ರುವರಿ 28ರ ರಾತ್ರಿಯೇ. ಹೀಗಾಗಿ ನಾವು ಬಾಯಿಪಾಠ ಮಾಡುವುದು ಬಹುಮಟ್ಟಿಗೆ ರಾತ್ರಿಯ ಜನಸಂಖ್ಯೆಯನ್ನು.

ಹಗಲಿನ ಲೆಕ್ಕವನ್ನೂ ಕ್ರಮವಾಗಿ ಪ್ರಕಟಿಸುವ ದೇಶ ಜಪಾನ್. ಟೋಕಿಯೊ ನಗರದ ನಡುವೆ ಚಿಯೋಡಾ ಎಂಬ ವಿಭಾಗವಿದೆ. ಚಕ್ರವರ್ತಿಯ ಅರಮನೆ, ಸಂಸತ್ತು, ಟೋಕಿಯೊ ರೈಲು ನಿಲ್ದಾಣ, ದೊಡ್ಡ ಕಂಪನಿಗಳ ಕಚೇರಿಗಳು ಇರುವುದು ಇಲ್ಲಿಯೇ. 2015ರ ಗಣತಿಯ ಪ್ರಕಾರ ಇಲ್ಲಿನ ನಿವಾಸಿಗಳು 58,406. ಹಗಲಿನಲ್ಲಿ ಇರುವವರು 8,53,068! ಅಂದರೆ ಸುಮಾರು ಹದಿನಾಲ್ಕೂವರೆ ಪಟ್ಟು. ಚಿಯೋಡಾದ ವಿಸ್ತೀರ್ಣ 11.66 ಚದರ ಕಿಲೋಮೀಟರ್. ಭಾಗಿಸಿ ನೋಡಿದರೆ ಜನಸಾಂದ್ರತೆ ರಾತ್ರಿ ಸುಮಾರು 5,000, ಹಗಲು ಸುಮಾರು 73,000.

ಇವರೆಲ್ಲ ಎಲ್ಲಿಂದ ಬರುತ್ತಾರೆ? ಟೋಕಿಯೊದ ಇತರ ವಿಭಾಗಗಳಿಂದ, ಹಾಗೆಯೇ ಸುತ್ತಲಿನ ಸೈತಾಮಾ, ಚಿಬಾ, ಕನಗಾವಾ ಪ್ರಾಂತಗಳಿಂದ. ಚಿಯೋಡಾ ಹಗಲು ಉಬ್ಬಿದರೆ ಸೈತಾಮಾ ಹಗಲು ಕುಗ್ಗುತ್ತದೆ. ಅಲ್ಲಿ ರಾತ್ರಿ 100 ಜನರಿದ್ದರೆ ಹಗಲಿನಲ್ಲಿ ಉಳಿಯುವವರು ಸುಮಾರು 89 ಮಾತ್ರ.

ಲೆಕ್ಕದ ಸೂತ್ರ ಸರಳ. ಊರಿನ ನಿವಾಸಿಗಳಿಗೆ ಹೊರಗಿನಿಂದ ಕೆಲಸಕ್ಕೂ ಓದಿಗೂ ಬರುವವರನ್ನು ಕೂಡಿಸಬೇಕು, ಹೊರಗೆ ಹೋಗುವವರನ್ನು ಕಳೆಯಬೇಕು. ಒಂದು ಲಕ್ಷ ಜನರ ಪಟ್ಟಣಕ್ಕೆ 5,000 ಮಂದಿ ಬಂದು 20,000 ಮಂದಿ ಹೋದರೆ ಹಗಲಿನ ಜನಸಂಖ್ಯೆ 85,000. ಸಂತೆಗೆ, ಆಸ್ಪತ್ರೆಗೆ, ಪ್ರವಾಸಕ್ಕೆ ಬರುವವರು ಈ ಸೂತ್ರದಲ್ಲಿ ಸೇರುವುದಿಲ್ಲ ಎಂಬುದನ್ನು ಗಮನಿಸಬೇಕು.

ಈ ಲೆಕ್ಕದಿಂದ ಪ್ರಯೋಜನವೇನು? ನೀರನ್ನೇ ತೆಗೆದುಕೊಳ್ಳಿ. ಕಚೇರಿಗೆ ಬರುವ ಪ್ರತಿಯೊಬ್ಬರಿಗೆ ದಿನಕ್ಕೆ 45 ಲೀಟರ್ ಬೇಕೆಂಬುದು ಭಾರತೀಯ ಮಾನಕ. ಹೊರಗಿನಿಂದ ಒಂದು ಲಕ್ಷ ಮಂದಿ ಕಚೇರಿಗೆ ಬಂದರೆ ನಗರ 45 ಲಕ್ಷ ಲೀಟರ್ ಹೆಚ್ಚು ನೀರನ್ನು ಒದಗಿಸಬೇಕು. ಶೌಚಾಲಯ, ಬಸ್ಸು, ಅಗ್ನಿಶಾಮಕ ವ್ಯವಸ್ಥೆಗೂ ಇದೇ ಮಾತು ಅನ್ವಯಿಸುತ್ತದೆ.

ವಿಪತ್ತಿನ ಹೊತ್ತಿನಲ್ಲಂತೂ ಇದು ಜೀವದ ಪ್ರಶ್ನೆ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭಾರಿ ಭೂಕಂಪವಾದಾಗ ಮಧ್ಯಾಹ್ನ 2 ಗಂಟೆ 46 ನಿಮಿಷ. ಜನ ಕಚೇರಿ, ಶಾಲೆಗಳಲ್ಲಿದ್ದರು. ರೈಲುಗಳು ನಿಂತವು. ರಾಜಧಾನಿ ಪ್ರದೇಶದಲ್ಲಿ ಸುಮಾರು 51.5 ಲಕ್ಷ ಮಂದಿ ಆ ದಿನ ಮನೆ ಸೇರಲಾಗಲಿಲ್ಲ ಎಂದು ಸರ್ಕಾರವೇ ಅಂದಾಜು ಮಾಡಿತು. ಇಷ್ಟು ಜನ ಒಮ್ಮೆಲೇ ರಸ್ತೆಗಿಳಿದರೆ ಆಂಬುಲೆನ್ಸ್ ಹೋಗುವುದು ಹೇಗೆ? ಈ ಅನುಭವದಿಂದ ಟೋಕಿಯೊ ಒಂದು ನಿಯಮ ರೂಪಿಸಿ 2013ರ ಏಪ್ರಿಲ್‌ನಿಂದ ಜಾರಿಗೆ ತಂದಿತು. ಅದರಂತೆ ಸಂಸ್ಥೆಗಳು ನೌಕರರಿಗಾಗಿ ಮೂರು ದಿನಕ್ಕಾಗುವಷ್ಟು ನೀರು, ಆಹಾರ ಕೂಡಿಟ್ಟು ಅವರನ್ನು ಅಲ್ಲಿಯೇ ಉಳಿಸಿಕೊಳ್ಳಲು ಯತ್ನಿಸಬೇಕು.

ನಮ್ಮಲ್ಲೂ ಇಂಥ ಊರುಗಳಿವೆ. ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಒಂದು ಕಾಲದಲ್ಲಿ ಗಣಿಯೊಳಗೆ ಇಳಿಯುತ್ತಿದ್ದವರ ಮಕ್ಕಳಲ್ಲಿ ಸಾವಿರಾರು ಮಂದಿ ಇಂದು ಮಾರಿಕುಪ್ಪಂ, ಬಂಗಾರಪೇಟೆ ಮಾರ್ಗದ ರೈಲು ಹಿಡಿದು ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ದುಡಿಮೆ ಒಂದು ಊರಿನಲ್ಲಿ, ನಿದ್ದೆ ಇನ್ನೊಂದರಲ್ಲಿ. ಗಣತಿಯ ಪುಸ್ತಕದಲ್ಲಿ ಅವರು ಕೆಜಿಎಫ್‌ನವರು. ಮಧ್ಯಾಹ್ನ ಬಾಯಾರಿದಾಗ ನೀರು ಬೇಕಾಗುವುದು ಬೆಂಗಳೂರಿನಲ್ಲಿ.

ವಿದ್ಯಾರ್ಥಿಗಳು ಈ ವಾರ ತಮ್ಮ ಬೀದಿಯಲ್ಲೇ ಈ ಲೆಕ್ಕ ಮಾಡಬಹುದು. ರಾತ್ರಿ ಹತ್ತಕ್ಕೆ ಎಷ್ಟು ಜನ, ಬೆಳಿಗ್ಗೆ ಹನ್ನೊಂದಕ್ಕೆ ಎಷ್ಟು ಜನ ಎಂದು ಮನೆಮನೆಯಲ್ಲಿ ಕೇಳಿ ಬರೆದುಕೊಳ್ಳಲಿ. ಹಗಲಿನಲ್ಲಿ ವೃದ್ಧರು, ಮಕ್ಕಳು ಮಾತ್ರ ಉಳಿಯುವ ಮನೆಗಳು ಎಷ್ಟು ಎಂಬುದೂ ಆಗ ಗೊತ್ತಾಗುತ್ತದೆ. ಆಪತ್ತಿನಲ್ಲಿ ಮೊದಲು ತಟ್ಟಬೇಕಾದ ಬಾಗಿಲುಗಳು ಅವೇ.