ವಿದೇಶದ ಸೀಟು: ಕರಪತ್ರದಲ್ಲಿ ಬರೆಯದ ಖರ್ಚುಗಳು

ಪಿಯುಸಿ ಫಲಿತಾಂಶ ಬಂದ ಮರುದಿನದಿಂದಲೇ ಮನೆಗೆ ಕರೆಗಳು ಬರತೊಡಗುತ್ತವೆ. “ನಿಮ್ಮ ಮಗನಿಗೆ ಹೊರದೇಶದಲ್ಲಿ ಎಂಬಿಬಿಎಸ್ ಸೀಟು ಇದೆ. ಇಲ್ಲಿನ ಅರ್ಧ ಖರ್ಚು ಕೂಡ ಇಲ್ಲ. ಹಲಾಲ್ ಊಟವೂ ಸಿಗುತ್ತದೆ” ಎಂದು ಅತ್ತ ಕಡೆಯ ದನಿ ಹೇಳುತ್ತದೆ. ಮಗ ಮುಖ ನೋಡುತ್ತಾನೆ. ಕೊಲ್ಲಿಯಲ್ಲಿರುವ ಗಂಡ ಫೋನಿನಲ್ಲಿ “ನೀನೇನು ಹೇಳುತ್ತೀ?” ಎಂದು ಕೇಳುತ್ತಾನೆ. ಸಹೋದರಿ, ಆಗ ನಿಮ್ಮ ಕೈ ತಿಳಿಯದೆಯೇ ಕೈಯ ಬಳೆಗಳ ಮೇಲೆ ಹೋಗುತ್ತದೆ. ಕೊನೆಗೆ ಹಣ ಎಲ್ಲಿಂದ ಹೊರಡಬೇಕಾಗುತ್ತದೆಂದು ನಿಮಗೆ ಗೊತ್ತಿದೆ.

ಈ ಲೇಖನ ನಿಮ್ಮನ್ನು ಹೆದರಿಸಲಿಕ್ಕಲ್ಲ. ಮಕ್ಕಳು ದೂರ ಹೋಗಿ ಕಲಿಯಲಿ, ಅದು ಒಳ್ಳೆಯದೇ. ಆದರೆ “ಹೌದು” ಎನ್ನುವ ಮೊದಲು ಲೆಕ್ಕವನ್ನು ಪೂರ್ತಿ ಹಾಕಿ. ಕರಪತ್ರದಲ್ಲಿರುವುದು ಕಾಲೇಜಿನ ಫೀಸು ಮಾತ್ರ. ನಿಮ್ಮ ಮಗ ಅಥವಾ ಮಗಳು ಆ ಓದಿನಿಂದ ಮೊದಲ ಸಂಬಳ ತರುವ ದಿನದವರೆಗೆ ಆಗುವ ಖರ್ಚೇ ನಿಜವಾದ ಖರ್ಚು.

ವಿದೇಶ ನಮ್ಮ ಪಕ್ಕದಲ್ಲೇ

ಪರ್ಕಳದಲ್ಲಿರುವವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಪಕ್ಕದಲ್ಲೇ ಮಣಿಪಾಲ ಇದೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದ ಮೇಲೆ ಆ ಬೋಳು ಗುಡ್ಡಕ್ಕೆ ದೇಶ ವಿದೇಶಗಳ ಮಕ್ಕಳು ಬಂದರು. ನಮಗೆ ಮಣಿಪಾಲ ಬಸ್ಸಿನಲ್ಲಿ ಹೋಗಿ ಬರುವ ಊರು. ಮಲೇಶ್ಯಾದ ಒಬ್ಬ ತಾಯಿಗೆ ಅದೇ ವಿದೇಶ!

1997ರಲ್ಲಿ ಆರಂಭವಾದ ಮಲಾಕ್ಕಾ ಮಣಿಪಾಲ ಮೆಡಿಕಲ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ ಓದಿ, ಉಳಿದ ಎರಡೂವರೆ ವರ್ಷ ತಮ್ಮ ದೇಶಕ್ಕೆ ಮರಳಿ ಅಲ್ಲಿನ ಆಸ್ಪತ್ರೆಗಳಲ್ಲಿ ಕಲಿಯುವ ಕ್ರಮವಿತ್ತು. ಎಲ್ಲಿ ವೈದ್ಯನಾಗಿ ದುಡಿಯಬೇಕೋ ಅಲ್ಲಿನ ಕಾಯಿಲೆ, ಅಲ್ಲಿನ ಭಾಷೆ, ಅಲ್ಲಿನ ನಿಯಮ ಗೊತ್ತಿರಬೇಕು ಎಂಬುದು ಆ ಕ್ರಮದಿಂದ ನಾವು ಕಲಿಯಬಹುದಾದ ಪಾಠ. ನಮ್ಮ ಮಕ್ಕಳನ್ನು ಕಳುಹಿಸುವಾಗ ಈ ಪ್ರಶ್ನೆಯನ್ನೇ ನಾವು ಮರೆಯುತ್ತೇವೆ. ಓದಿದ ಮೇಲೆ ಎಲ್ಲಿ ದುಡಿಯುವುದು?

ಮೂರು ದೇಶ, ಮೂರು ಲೆಕ್ಕ

ಪದವಿ ಮುಗಿಸಿದ ಮಗಳು ಸ್ನಾತಕೋತ್ತರ ಓದಿಗೆ ಹೋಗಬೇಕೆನ್ನುತ್ತಾಳೆ ಎಂದಿಟ್ಟುಕೊಳ್ಳಿ.

ಜರ್ಮನಿಯಲ್ಲಿ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಿಗೆ ಬೋಧನಾ ಶುಲ್ಕವಿಲ್ಲ. ಅರ್ಧ ವರ್ಷಕ್ಕೊಮ್ಮೆ ಕೆಲವು ನೂರು ಯೂರೋಗಳ ವಂತಿಗೆ ಮಾತ್ರ. ಹಾಗೆಂದು ಬರಿಗೈಯಲ್ಲಿ ಹೋಗುವಂತಿಲ್ಲ. ವೀಸಾಕ್ಕಾಗಿ ಒಂದು ವರ್ಷದ ಜೀವನ ವೆಚ್ಚವನ್ನು ಮೊದಲೇ ಒಂದು ವಿಶೇಷ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಯೂರೋಗೆ 100 ರೂಪಾಯಿ ಎಂದು ಹಿಡಿದರೂ ಸುಮಾರು 12 ಲಕ್ಷ ರೂಪಾಯಿ. ಇದು ಫೀಸಲ್ಲ, ನಿಮ್ಮದೇ ಹಣ. ತಿಂಗಳಿಗೆ 992 ಯೂರೋದಂತೆ ಮಗಳ ಕೈಗೆ ಬರುತ್ತದೆ. ಎರಡು ವರ್ಷಕ್ಕೆ 24 ಲಕ್ಷ ಎಂದು ಬರೆದುಕೊಳ್ಳಿ. ಓದಿನ ನಡುವೆ ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅನುಮತಿ ಇರುವುದರಿಂದ ಎರಡನೇ ವರ್ಷದ ಭಾರ ಸ್ವಲ್ಪ ಕಡಿಮೆಯಾಗಬಹುದು. ಆದರೆ ಎಲ್ಲ ಕಡೆ ಉಚಿತವೆಂದು ತಿಳಿಯಬೇಡಿ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರದೇಶದವರಿಂದ ಅರ್ಧ ವರ್ಷಕ್ಕೆ 1,500 ಯೂರೋ ಪಡೆಯುತ್ತದೆ. ಜರ್ಮನ್ ಭಾಷೆ ಕಲಿಯುವ ಖರ್ಚನ್ನೂ ಸೇರಿಸಿ. ತರಗತಿ ಇಂಗ್ಲಿಷಿನಲ್ಲಿದ್ದರೂ ಕೆಲಸ ಸಿಗಬೇಕಾದರೆ ಆ ಭಾಷೆ ಹೆಚ್ಚಾಗಿ ಬೇಕೇ ಬೇಕು.

ಬ್ರಿಟನ್‌ನಲ್ಲಿ ಸ್ನಾತಕೋತ್ತರ ಓದು ಸಾಮಾನ್ಯವಾಗಿ ಒಂದೇ ವರ್ಷ. ಸಮಯ ಉಳಿಯುತ್ತದೆ, ಹಣ ಉಳಿಯುವುದಿಲ್ಲ. ಫೀಸು ಅನೇಕ ಕಡೆ 15 ಸಾವಿರದಿಂದ 30 ಸಾವಿರ ಪೌಂಡ್. ಅದರ ಜೊತೆಗೆ ಲಂಡನ್ನಿನ ಹೊರಗೆ ಓದುವವರು ತಿಂಗಳಿಗೆ 1,171 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚಿನ ಹಣ ತೋರಿಸಬೇಕು. ಇದು 2025ರ ನವೆಂಬರಿನಲ್ಲಿ ಏರಿಸಿದ ಮೊತ್ತ. ಆರೋಗ್ಯ ಶುಲ್ಕವೆಂದು ವರ್ಷಕ್ಕೆ 776 ಪೌಂಡ್ ಬೇರೆ. ಪೌಂಡಿಗೆ 120 ರೂಪಾಯಿಯಂತೆ ಗುಣಿಸಿದರೆ ಒಟ್ಟು 30 ಲಕ್ಷದಿಂದ 50 ಲಕ್ಷ. ಓದು ಮುಗಿದ ಬಳಿಕ ಅಲ್ಲಿ ಉಳಿದು ಕೆಲಸ ಹುಡುಕಲು ಎರಡು ವರ್ಷ ಸಿಗುತ್ತದೆಂದು ಹೇಳುವವರಿದ್ದಾರೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು ಎಂದು ಬ್ರಿಟನ್ ಸರಕಾರ ಪ್ರಕಟಿಸಿದೆ.

ಕೆನಡಾದ ಕಥೆ ಇನ್ನೊಂದು ಪಾಠ ಹೇಳುತ್ತದೆ. ಫೀಸಲ್ಲದೆ ತೋರಿಸಬೇಕಾದ ಜೀವನ ವೆಚ್ಚ 2023ರ ಕೊನೆಯವರೆಗೆ 10,000 ಡಾಲರ್ ಇತ್ತು. 2024ರ ಜನವರಿಯಲ್ಲಿ ಅದು 20,635 ಆಯಿತು. 2025ರ ಸೆಪ್ಟೆಂಬರಿನಲ್ಲಿ 22,895. ಎರಡು ವರ್ಷಗಳೊಳಗೆ ಎರಡು ಪಟ್ಟಿಗೂ ಹೆಚ್ಚು! “ನಮ್ಮ ಅಕ್ಕನ ಮಗನಿಗೆ ಇಷ್ಟೇ ಆಗಿತ್ತು” ಎಂಬ ಮಾತನ್ನು ನಂಬಿ ಹೊರಡಬೇಡಿ. ಅರ್ಜಿ ಹಾಕುವ ವರ್ಷದ ಮೊತ್ತವನ್ನೇ ನೋಡಬೇಕು.

ಅಗ್ಗದ ಎಂಬಿಬಿಎಸ್ ಎಷ್ಟು ಅಗ್ಗ?

ಇನ್ನು ಮೆಡಿಕಲ್. ಸರಕಾರಿ ಸೀಟು ಸಿಕ್ಕರೆ ವರ್ಷದ ಫೀಸು ಲಕ್ಷದೊಳಗೆ. ಸಿಗದಿದ್ದರೆ ಖಾಸಗಿ ಕಾಲೇಜಿನಲ್ಲಿ ಪೂರ್ಣ ಓದಿಗೆ ಮುಕ್ಕಾಲು ಕೋಟಿ ದಾಟುವುದು ಅಪರೂಪವಲ್ಲ. ಈ ಎರಡರ ನಡುವಿನ ಕಂದಕದಲ್ಲೇ ಏಜೆಂಟರ ಕರಪತ್ರ ಬಂದು ಬೀಳುತ್ತದೆ. ಅದರಲ್ಲಿರುವ 25 ಲಕ್ಷವೋ 30 ಲಕ್ಷವೋ ನಮಗೆ ಅಗ್ಗವಾಗಿ ಕಾಣುತ್ತದೆ.

ಈಗ ವರ್ಷಗಳನ್ನು ಎಣಿಸಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರಿನಲ್ಲಿ ತಂದ ನಿಯಮದಂತೆ ವಿದೇಶದ ಓದು ಕನಿಷ್ಠ 54 ತಿಂಗಳು ಇರಬೇಕು, ಅದೂ ಇಂಗ್ಲಿಷ್ ಮಾಧ್ಯಮದಲ್ಲಿ. ಬಳಿಕ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಆ ದೇಶದಲ್ಲೂ ವೈದ್ಯನಾಗಿ ನೋಂದಣಿ ಪಡೆಯುವ ಅರ್ಹತೆ ಸಿಗಬೇಕು. ಊರಿಗೆ ಬಂದ ಮೇಲೆ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಗಳಿಸಬೇಕು. ಅದಾದ ಬಳಿಕ ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಇಲ್ಲಿ ಐದೂವರೆ ವರ್ಷದಲ್ಲಿ ಮುಗಿಯುವ ಓದು ಅಲ್ಲಿಂದ ಬಂದವರಿಗೆ ಕನಿಷ್ಠ ಆರೂವರೆ ವರ್ಷ. ಪರೀಕ್ಷೆಗಾಗಿ ಕಾಯುವ ತಿಂಗಳುಗಳು, ಕೋಚಿಂಗ್ ಫೀಸು ಬೇರೆ. ಇತ್ತೀಚಿನ ವರ್ಷಗಳ ಈ ಪರೀಕ್ಷೆಗಳಲ್ಲಿ ಬರೆದ ಮೂವರಲ್ಲಿ ಒಬ್ಬರೂ ತೇರ್ಗಡೆಯಾಗದಿರುವುದೇ ಹೆಚ್ಚು. ನೀಟ್‌ನಲ್ಲಿ ಅರ್ಹತೆ ಪಡೆಯದೆ ಹೋದವರಿಗಂತೂ ಈ ಬಾಗಿಲೇ ತೆರೆಯುವುದಿಲ್ಲ.

“ಆಯೋಗದ ಅನುಮೋದನೆ ಪಡೆದ ಕಾಲೇಜು” ಎಂದು ಕರಪತ್ರದಲ್ಲಿ ಬರೆದಿದ್ದರೆ ಜಾಗ್ರತೆ. ಆಯೋಗವು ವಿದೇಶಿ ಕಾಲೇಜುಗಳ ಅಂಥ ಅನುಮೋದಿತ ಪಟ್ಟಿಯನ್ನು ಕೊಡುವುದಿಲ್ಲ. ಮೇಲಿನ ನಿಯಮಗಳಿಗೆ ಕಾಲೇಜು ಹೊಂದುತ್ತದೆಯೇ ಎಂದು ನೋಡಿಕೊಳ್ಳುವ ಹೊಣೆ ವಿದ್ಯಾರ್ಥಿಯದೇ.

ರೂಪಾಯಿಗಳಲ್ಲಿ ಹೇಳಲಾಗದ ಬೆಲೆಯೊಂದೂ ಇದೆ. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಯುಕ್ರೇನಿನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ ಹುಡುಗ. 2022ರ ಮಾರ್ಚ್ 1ರಂದು ಆಹಾರ ತರಲು ಹೊರಟವನು ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಶೇಕಡಾ 97 ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲವೆಂದು ಅವನ ತಂದೆ ಹೇಳಿದ್ದನ್ನು ಇಡೀ ನಾಡು ಕೇಳಿತು. ಯುದ್ಧವನ್ನು ಯಾವ ತಾಯಿಯೂ ಮುಂಗಾಣಲಾರಳು. ಆದರೂ ಆ ದೇಶದ ಪರಿಸ್ಥಿತಿ ಹೇಗಿದೆ, ಓದು ಅರ್ಧಕ್ಕೆ ನಿಂತರೆ ಬೇರೆಡೆ ಸೇರಲು ಸಾಧ್ಯವೇ ಎಂದು ಕೇಳುವುದು ನಮ್ಮ ಕೈಯಲ್ಲಿದೆ.

ರೂಪಾಯಿ ಇಳಿದಾಗ

2008ರ ಆರಂಭದಲ್ಲಿ ಡಾಲರಿಗೆ 40 ರೂಪಾಯಿಯ ಆಸುಪಾಸು ಇತ್ತು. 2025ರ ಡಿಸೆಂಬರಿನಲ್ಲಿ 90 ದಾಟಿತು. ಓದು ನಡೆಯುತ್ತಿರುವಾಗಲೇ ದರ ಏರಿದರೆ ಕೊನೆಯ ವರ್ಷದ ಫೀಸು ಮೊದಲ ವರ್ಷದಂತಿರುವುದಿಲ್ಲ.

ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ವಿಶೇಷವಿದೆ. ದಿರ್ಹಂ ಮತ್ತು ಸೌದಿ ರಿಯಾಲ್‌ಗಳು ಡಾಲರಿನೊಂದಿಗೆ ಸ್ಥಿರ ದರದಲ್ಲಿ ಕಟ್ಟಿಕೊಂಡಿವೆ. ಗಂಡ ದುಬೈಯಲ್ಲಿ ದುಡಿಯುತ್ತಿದ್ದರೆ ಡಾಲರ್ ಫೀಸಿನ ಏರಿಕೆ ಅಷ್ಟಾಗಿ ತಟ್ಟದು. ಆದರೆ ಅವರು ಕೆಲಸ ಬಿಟ್ಟು ಊರಿಗೆ ಬಂದ ದಿನ ಆ ರಕ್ಷಣೆಯೂ ಹೋಗುತ್ತದೆ. “ಇನ್ನು ಎಷ್ಟು ವರ್ಷ ಅಲ್ಲಿರುತ್ತೀರಿ?” ಎಂಬ ಪ್ರಶ್ನೆಯನ್ನು ಸೀಟು ಹಿಡಿಯುವ ಮೊದಲೇ ಕೇಳಿ. ಪರ್ಕಳದ ಪೇಟೆಯ ಅಂಗಡಿಯ ಆದಾಯದಿಂದ ಕಳುಹಿಸುವವರು ಒಟ್ಟು ಲೆಕ್ಕದ ಮೇಲೆ ಹತ್ತರಲ್ಲಿ ಒಂದು ಪಾಲನ್ನಾದರೂ ಹೆಚ್ಚಿಗೆ ಇಟ್ಟುಕೊಳ್ಳಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿಗಿಂತ ಹೆಚ್ಚು ಕಳುಹಿಸುವಾಗ ಬ್ಯಾಂಕು ತೆರಿಗೆಯ ಒಂದಂಶವನ್ನು ಮೊದಲೇ ಹಿಡಿಯುತ್ತದೆ. ಆದಾಯ ತೆರಿಗೆ ವಿವರ ಸಲ್ಲಿಸಿದರೆ ಅದು ಲೆಕ್ಕಕ್ಕೆ ಸಿಗುತ್ತದೆ. ರಶೀದಿಯನ್ನು ಜೋಪಾನವಾಗಿಡಿ.

ಬಡ್ಡಿಯಿಲ್ಲದ ದಾರಿಗಳು

ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಓದುವ ವರ್ಷಗಳಲ್ಲಿ ಕಂತು ಕಟ್ಟಬೇಕಿಲ್ಲ ಎನ್ನುತ್ತಾರೆ. ಆದರೆ ಆ ವರ್ಷಗಳಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅಲ್ಲಾಹನು ಬಡ್ಡಿಯನ್ನು ನಿಷಿದ್ಧಗೊಳಿಸಿದ್ದಾನೆಂಬ ವಿಶ್ವಾಸವಿರುವ ಮನೆಗೆ ಇದು ಬರೀ ಹಣದ ಪ್ರಶ್ನೆಯಲ್ಲ. ಸಾಲಕ್ಕೆ ಸಹಿ ಹಾಕುವ ಮೊದಲು ಬೇರೆ ಬಾಗಿಲುಗಳನ್ನು ತಟ್ಟಿದ್ದೀರಾ?

ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಕ್ಕೆ ವಿದೇಶ ವ್ಯಾಸಂಗಕ್ಕಾಗಿ 20 ಲಕ್ಷ ರೂಪಾಯಿವರೆಗಿನ ಬಡ್ಡಿರಹಿತ ಸಾಲದ ಯೋಜನೆ ಇದೆ. ಆದಾಯ ಮಿತಿ, ಜಾಮೀನು ಮುಂತಾದ ಷರತ್ತುಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಕೇಂದ್ರದ ‘ಪಢೋ ಪರ್‌ದೇಶ್’ ಬಗ್ಗೆ ಯಾರಾದರೂ ಹೇಳಿದರೆ ನಂಬಿ ಕಾಯಬೇಡಿ. ಆ ಯೋಜನೆ 2022–23ರಿಂದ ನಿಂತಿದೆ. ಪ್ರತಿಭೆಯಿರುವ ಮಕ್ಕಳಿಗೆ ತುರ್ಕಿ ಸರಕಾರದ ವಿದ್ಯಾರ್ಥಿವೇತನವಿದೆ. ಫೀಸು, ವಸತಿ, ತಿಂಗಳ ಭತ್ಯೆ, ಭಾಷಾ ಕಲಿಕೆ ಎಲ್ಲವೂ ಅದರಲ್ಲಿ ಸೇರಿದೆ. ಎರಡು ವರ್ಷ ಕೆಲಸದ ಅನುಭವವಿರುವ ಪದವೀಧರರಿಗೆ ಬ್ರಿಟನ್ನಿನ ಚೀವ್ನಿಂಗ್ ಇದೆ. ಇವುಗಳಿಗೆ ಓದು ಆರಂಭವಾಗುವ ಎಷ್ಟೋ ತಿಂಗಳು ಮೊದಲೇ ಅರ್ಜಿ ಹಾಕಬೇಕು. ಸೀಟು ಹಿಡಿದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಜಮಾಅತ್‌ಗಳು, ಅನುಕೂಲಸ್ಥ ಬಂಧುಗಳು ಸೇರಿ ವರ್ಷಕ್ಕೆ ಒಬ್ಬ ವಿದ್ಯಾರ್ಥಿಗಾದರೂ ಕರ್ಝೆ ಹಸನಾ ಕೊಡುವಂತಾದರೆ ಎಷ್ಟು ಮನೆಗಳು ಬಡ್ಡಿಯಿಂದ ಉಳಿದಾವು!

ಯಾರ ಚಿನ್ನ, ಯಾರ ಪಾಲು?

ಈಗ ಮೊದಲಿನ ಬಳೆಗಳಿಗೆ ಬರೋಣ. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಲಕ್ಷ ರೂಪಾಯಿ ದಾಟಿದ ಮೇಲೆ ಎಲ್ಲರ ಕಣ್ಣೂ ಉಮ್ಮನ ಪೆಟ್ಟಿಗೆಯ ಮೇಲೆ. “ಮಗನಿಗಾಗಿ ತಾನೇ?” ಎಂಬ ಒಂದು ಮಾತಿನಲ್ಲಿ ಇಪ್ಪತ್ತು ಪವನ್ ಹೊರಟುಹೋಗುತ್ತದೆ. ನೆನಪಿಡಿ, ಮಹರ್ ಮತ್ತು ನಿಮಗೆ ಸಿಕ್ಕಿದ ಚಿನ್ನ ನಿಮ್ಮದು. ಮಹರನ್ನು ಸ್ತ್ರೀಯರಿಗೆ ಕೊಟ್ಟುಬಿಡಬೇಕು, ಅವರಾಗಿ ಸಂತೋಷದಿಂದ ಬಿಟ್ಟುಕೊಟ್ಟರೆ ಮಾತ್ರ ಅದರಿಂದ ತೆಗೆದುಕೊಳ್ಳಬಹುದು ಎಂದು ಕುರ್‌ಆನಿನ ಅನ್ನಿಸಾ ಅಧ್ಯಾಯ ಕಲಿಸುತ್ತದೆ. ನೀವು ಕೊಡುವುದು ದಾನವೇ, ಸಾಲವೇ? ಸಾಲವಾದರೆ ಬರೆದಿಡಿ. ಸಾಲವನ್ನು ಬರೆದಿಡಬೇಕೆಂದು ಅಲ್ ಬಕರ ಅಧ್ಯಾಯದ 282ನೇ ಸೂಕ್ತ ಆದೇಶಿಸುತ್ತದೆ. ಮಗನೊಂದಿಗೆ ಬರಹ ಮಾಡಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ಮಗಳು. ಅಣ್ಣನ ಆರೂವರೆ ವರ್ಷಗಳಿಗೆ ಎಲ್ಲವೂ ಮುಗಿದರೆ ಅವಳ ಪದವಿಯ ಗತಿಯೇನು? ನುಅಮಾನ್ ಬಿನ್ ಬಶೀರ್(ರ)ರಿಗೆ ಅವರ ತಂದೆ ಒಂದು ಉಡುಗೊರೆ ಕೊಟ್ಟಾಗ, ಪ್ರವಾದಿ(ಸ)ಯವರು ಸಾಕ್ಷಿಯಾಗದೆ ತಾನು ಒಪ್ಪುವುದಿಲ್ಲವೆಂದು ಪಟ್ಟು ಹಿಡಿದವರು ಅವರ ತಾಯಿ. ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು ಪ್ರವಾದಿ(ಸ) ಕೇಳಿದರು. ಇಲ್ಲವೆಂದಾಗ, ಮಕ್ಕಳ ನಡುವೆ ನ್ಯಾಯ ಪಾಲಿಸಲು ಆಜ್ಞಾಪಿಸಿದರು. ತಂದೆ ಆ ಉಡುಗೊರೆಯನ್ನು ಹಿಂದಕ್ಕೆ ಪಡೆದರು. ಒಬ್ಬೊಬ್ಬ ಮಗುವಿನ ಓದಿನ ಅಗತ್ಯ ಬೇರೆಬೇರೆ ಇರಬಹುದು, ಖರ್ಚು ಸಮನಾಗಿರಲೇಬೇಕೆಂದಲ್ಲ. ಆದರೆ ಒಬ್ಬನಿಗೆ ಕೊಡುವಾಗ ಇನ್ನೊಬ್ಬಳ ಹೆಸರೂ ಲೆಕ್ಕದಲ್ಲಿರಬೇಕು.

ಇಂದು ರಾತ್ರಿಯೇ ಒಂದು ನೋಟು ಪುಸ್ತಕ ತೆಗೆಯಿರಿ. ಒಂದು ಪುಟದಲ್ಲಿ ಫೀಸು, ವಸತಿ, ಊಟ, ವೀಸಾ, ವಿಮೆ, ವಿಮಾನದ ಟಿಕೆಟು. ಎರಡನೇ ಪುಟದಲ್ಲಿ ವರ್ಷಗಳು: ಓದು, ಪರೀಕ್ಷೆ, ಇಂಟರ್ನ್‌ಶಿಪ್, ಮೊದಲ ಸಂಬಳ. ಮೂರನೇ ಪುಟದಲ್ಲಿ ಹಣ ಎಲ್ಲಿಂದ ಬರುತ್ತದೆ, ಯಾರದು, ಮರಳಿ ಕೊಡಬೇಕೇ ಎಂಬುದು. ನಾಲ್ಕನೇ ಪುಟದಲ್ಲಿ ಉಳಿದ ಮಕ್ಕಳ ಹೆಸರು. ಇದೇ ಓದು ಮಣಿಪಾಲದಲ್ಲೋ ಮಂಗಳೂರಿನಲ್ಲೋ ಆದರೆ ಎಷ್ಟು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಮಗನನ್ನೂ ಮಗಳನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿ.

ನಾಲ್ಕು ಪುಟಗಳೂ ತುಂಬಿದ ಮೇಲೂ ಮನಸ್ಸು ಹೌದೆಂದರೆ ಇಸ್ತಿಖಾರ ನಮಾಝ್ ನಿರ್ವಹಿಸಿ, ಅಲ್ಲಾಹನ ಮೇಲೆ ಭರವಸೆಯಿಟ್ಟು ಮಗನನ್ನು ಕಳುಹಿಸಿ. ಇಲ್ಲವೆಂದರೆ ಇಲ್ಲವೆನ್ನಲು ಹಿಂಜರಿಯಬೇಡಿ. ಇಲ್ಲೇ ಓದಿ ಮುಂದೆ ಬಂದ ಮಕ್ಕಳೂ ನಮ್ಮ ಊರಿನಲ್ಲಿ ಬೇಕಾದಷ್ಟಿದ್ದಾರೆ.